ಷರತ್ತಿನ ಮೇಲೆ ಸೀಟು ಪಡೆದ ವಿಜ್ಞಾನಿ: ಕಮಲಾ ಸೊಹೋನಿ

ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಆ ದಿನ ನಮ್ಮ ಕಾಲೇಜಿನ ಸಭಾಂಗಣದಲ್ಲಿ ಸರ್ ಸಿ.ವಿ. ರಾಮನ್ ಅವರ ಭಾವಚಿತ್ರ ಇಟ್ಟು ವಿಜ್ಞಾನ ವಿಭಾಗದವರು ಮಾತನಾಡುತ್ತಾರೆ. ನಾವು ಕಾಮರ್ಸ್‌ನವರು ಹಿಂದಿನ ಬೆಂಚುಗಳಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತೇವೆ. ಈ ಸಲದ ವಾರ್ತಾಪತ್ರಕ್ಕೆ ಯಾವುದೇ ವಿಭಾಗದವರು ಒಬ್ಬ ವಿಜ್ಞಾನಿಯ ಬಗ್ಗೆ ಬರೆಯಬಹುದು ಎಂದು ಕನ್ನಡ ಮೇಡಂ ಹೇಳಿದಾಗ ನಾನು ಕೈ ಎತ್ತಿದೆ. ತರಗತಿಯಲ್ಲಿ ನಗು ಬಂತು. ಡೆಬಿಟ್, ಕ್ರೆಡಿಟ್ ಬರೆಯುವವಳಿಗೆ ವಿಜ್ಞಾನಿಯ ಸಹವಾಸ ಯಾಕೆ ಎಂದು ಗೆಳತಿಯೊಬ್ಬಳು ಕೇಳಿದಳು. ಅವಳಿಗೆ ಉತ್ತರವಾಗಿ ಈ ಲೇಖನ ಬರೆಯುತ್ತಿದ್ದೇನೆ.

ದ್ವಿತೀಯ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ಗ್ರಾಹಕರ ಸಂರಕ್ಷಣೆ ಎಂಬ ಪಾಠವಿದೆ. ಅದರ ಪ್ರಾಜೆಕ್ಟ್‌ಗಾಗಿ ನಮ್ಮ ದೇಶದ ಹಳೆಯ ಗ್ರಾಹಕ ಸಂಘಟನೆಗಳ ಬಗ್ಗೆ ಓದುತ್ತಿದ್ದೆ. 1966ರಲ್ಲಿ ಮುಂಬೈಯಲ್ಲಿ ಶುರುವಾದ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ಆಫ್ ಇಂಡಿಯಾ ಅಂಥ ಒಂದು ಸಂಸ್ಥೆ. 1982–83ರಲ್ಲಿ ಅದರ ಅಧ್ಯಕ್ಷೆಯಾಗಿದ್ದವರ ಹೆಸರು ಡಾ. ಕಮಲಾ ಸೊಹೋನಿ. ವಕೀಲರೋ ವ್ಯಾಪಾರ ಬಲ್ಲವರೋ ಇರಬೇಕು ಎಂದುಕೊಂಡೆ. ನೋಡಿದರೆ ಅವರು ಜೀವರಸಾಯನ ವಿಜ್ಞಾನಿ. ಅಷ್ಟೇ ಅಲ್ಲ, ಅವರು ಸಂಶೋಧನೆ ಕಲಿತದ್ದು ನಮ್ಮ ಬೆಂಗಳೂರಿನಲ್ಲೇ, ಮಲ್ಲೇಶ್ವರಂ ದಾಟಿದರೆ ಸಿಗುವ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ. ಚಾಮರಾಜಪೇಟೆಯ ನಮ್ಮ ಮನೆಯಿಂದ ಮತ್ತಿಕೆರೆಯ ಖಾಲಾ ಮನೆಗೆ ಹೋಗುವಾಗ ಆ ಕಾಂಪೌಂಡ್ ಗೋಡೆ, ಒಳಗಿನ ದೊಡ್ಡ ಮರಗಳು ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ಕಂಡಿವೆ. ಒಳಗೆ ಏನಾಗಿತ್ತು ಎಂಬುದು ಮಾತ್ರ ತಿಳಿದಿರಲಿಲ್ಲ.

ಕಮಲಾ ಅವರು ಹುಟ್ಟಿದ್ದು 1911ರ ಜೂನ್ 18ರಂದು, ಇಂದೋರಿನಲ್ಲಿ. ಆಗ ಅವರ ಹೆಸರು ಕಮಲಾ ಭಾಗವತ್. ತಂದೆ ನಾರಾಯಣರಾವ್ ಭಾಗವತ್, ಚಿಕ್ಕಪ್ಪ ಮಾಧವರಾವ್ ಭಾಗವತ್ ಇಬ್ಬರೂ ರಸಾಯನ ವಿಜ್ಞಾನಿಗಳು, ಮತ್ತು ಇಬ್ಬರೂ ಬೆಂಗಳೂರಿನ ಈ ಸಂಸ್ಥೆಯಲ್ಲೇ ಓದಿದವರು. ಮರಾಠಿಯ ಹೆಸರಾಂತ ಲೇಖಕಿ ದುರ್ಗಾ ಭಾಗವತ್ ಇವರ ಸಹೋದರಿ. ತುರ್ತು ಪರಿಸ್ಥಿತಿಯ ವಿರುದ್ಧ ದನಿ ಎತ್ತಿ ಜೈಲಿಗೆ ಹೋದ ಧೀರೆ ಅವರು. ಓದುವುದು, ಪ್ರಶ್ನೆ ಕೇಳುವುದು ಆ ಮನೆಯಲ್ಲಿ ಹೆಣ್ಣುಮಕ್ಕಳಿಗೂ ಸಹಜವಾಗಿತ್ತು.

1933ರಲ್ಲಿ ಕಮಲಾ ಅವರು ಬಾಂಬೆ ವಿಶ್ವವಿದ್ಯಾಲಯದಿಂದ ರಸಾಯನ ವಿಜ್ಞಾನ ಮತ್ತು ಭೌತ ವಿಜ್ಞಾನದಲ್ಲಿ ಬಿ.ಎಸ್‌ಸಿ. ಮುಗಿಸಿದರು. ಪಟ್ಟಿಯಲ್ಲಿ ಅವರ ಹೆಸರೇ ಮೊದಲನೆಯದು. ಅಪ್ಪ, ಚಿಕ್ಕಪ್ಪ ಓದಿದ ಜಾಗದಲ್ಲೇ ಸಂಶೋಧನೆ ಮಾಡಬೇಕೆಂದು ಬೆಂಗಳೂರಿಗೆ ಅರ್ಜಿ ಹಾಕಿದರು. ಜಮ್‌ಷೆಟ್‌ಜಿ ಟಾಟಾ ಅವರ ಕನಸು, ಮೈಸೂರು ಅರಸರು ಕೊಟ್ಟ 371 ಎಕರೆ ಜಮೀನು, ಇವೆರಡರಿಂದ 1909ರಲ್ಲಿ ಆರಂಭವಾದ ಸಂಸ್ಥೆ ಅದು. ಅದರ ಹೆಸರು ಭಾರತೀಯ ವಿಜ್ಞಾನ ಸಂಸ್ಥೆ. ಹಳಬರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. 1933ರಲ್ಲಿ ಅದಕ್ಕೆ ಮೊದಲ ಬಾರಿಗೆ ಭಾರತೀಯರೊಬ್ಬರು ನಿರ್ದೇಶಕರಾದರು. ಅವರೇ ಸರ್ ಸಿ.ವಿ. ರಾಮನ್, ಮೂರು ವರ್ಷಗಳ ಹಿಂದೆಯಷ್ಟೇ ನೊಬೆಲ್ ಪ್ರಶಸ್ತಿ ಪಡೆದಿದ್ದವರು.

ಅರ್ಜಿ ತಿರಸ್ಕೃತವಾಯಿತು. ಕಾರಣ ಅಂಕಗಳಲ್ಲ. ಅರ್ಜಿದಾರರು ಹೆಣ್ಣು ಎಂಬುದೇ ಕಾರಣ.

ಆ ಕಾಲದಲ್ಲಿ ಇಂಥ ಉತ್ತರ ಬಂದರೆ ಬಹಳ ಜನ ಕಾಗದ ಮಡಚಿಟ್ಟು ಸುಮ್ಮನಾಗುತ್ತಿದ್ದರು. ಕಮಲಾ ಅವರು ಸುಮ್ಮನಾಗಲಿಲ್ಲ. ಅವರು ಬೆಂಗಳೂರಿಗೇ ಬಂದು ರಾಮನ್ ಅವರನ್ನು ಎದುರಿಗೆ ಕಂಡು ಕಾರಣ ಕೇಳಿದರು. ಒಪ್ಪದಿದ್ದಾಗ, ಸೇರಿಸಿಕೊಳ್ಳುವವರೆಗೆ ಹೋಗುವುದಿಲ್ಲ ಎಂದು ಅವರ ಕಚೇರಿಯ ಮುಂದೆ ಸತ್ಯಾಗ್ರಹಕ್ಕೆ ಕುಳಿತರು. ದೇಶದಲ್ಲಿ ಗಾಂಧೀಜಿಯವರ ಸತ್ಯಾಗ್ರಹ ನಡೆಯುತ್ತಿದ್ದ ದಿನಗಳವು. ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಅದನ್ನು ಒಂದು ಸೀಟಿಗಾಗಿ ಮಾಡಿದಳು.

ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತುಗಳ ಮೇಲೆ. ಒಂದನೆಯದು, ಮೊದಲ ವರ್ಷ ಅವರು ಪೂರ್ಣ ವಿದ್ಯಾರ್ಥಿಯಲ್ಲ, ಪ್ರೊಬೇಷನ್ ಮೇಲೆ ಇರುತ್ತಾರೆ. ಕೆಲಸ ಮೆಚ್ಚಿಗೆಯಾದರೆ ಮಾತ್ರ ಅದಕ್ಕೆ ಮಾನ್ಯತೆ. ಎರಡನೆಯದು, ಮಾರ್ಗದರ್ಶಕರು ಹೇಳಿದರೆ ರಾತ್ರಿ ತಡವಾಗುವವರೆಗೂ ಕೆಲಸ ಮಾಡಬೇಕು. ಮೂರನೆಯದು, ಅವರ ಇರುವಿಕೆಯಿಂದ ಪ್ರಯೋಗಾಲಯದ ವಾತಾವರಣ ಕೆಡಬಾರದು, ಅಂದರೆ ಗಂಡು ಸಂಶೋಧಕರ ಗಮನ ಚದುರಬಾರದು. ಗಂಡುಮಕ್ಕಳ ಗಮನಕ್ಕೂ ಇವರೇ ಜವಾಬ್ದಾರಿ! ಕಮಲಾ ಅವರು ಮೂರನ್ನೂ ಒಪ್ಪಿಕೊಂಡು ಒಳಗೆ ಹೋದರು.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹಾಗೇ ಕುಳಿತಿದ್ದೆ. ಯಾಕೆಂದರೆ ನಾನೂ ಕಾಲೇಜಿಗೆ ಬಂದದ್ದು ಷರತ್ತಿನ ಮೇಲೆಯೇ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗ ಅಬ್ಬಾ ಹೇಳಿದ್ದು ಹೀಗೆ: ಮೊದಲ ವರ್ಷ ನೋಡೋಣ, ಮಾರ್ಕ್ಸ್ ಬಂದರೆ ಮುಂದಿನ ಮಾತು. ಕಾಲೇಜು ಬಿಟ್ಟರೆ ನೇರ ಮನೆ. ನಮ್ಮ ಬಗ್ಗೆ ಗಲ್ಲಿಯಲ್ಲಿ ಯಾರೂ ಒಂದು ಮಾತು ಆಡುವಂತಾಗಬಾರದು. ನನ್ನ ಅಣ್ಣ ಕಾಲೇಜಿಗೆ ಸೇರುವಾಗ ಅವನಿಗೆ ಒಂದೂ ಷರತ್ತು ಇರಲಿಲ್ಲ. ಅವನು ಮಧ್ಯದಲ್ಲೇ ಬಿಟ್ಟಾಗಲೂ ಯಾರೂ ಹೆಚ್ಚು ಕೇಳಲಿಲ್ಲ. ಅಬ್ಬಾ ಕೆಟ್ಟವರಲ್ಲ. ವಾಹನದ ಬಿಡಿಭಾಗಗಳ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿದು ನನ್ನ ಫೀಸು ಕಟ್ಟುತ್ತಾರೆ. ಆದರೂ ಷರತ್ತು ಷರತ್ತೇ. ಅದನ್ನು ಹೊತ್ತುಕೊಂಡು ಓದುವುದು ಹೇಗಿರುತ್ತದೆ ಎಂದು ನನಗೆ ಗೊತ್ತು, ಈ ಕಾಲೇಜಿನ ಇನ್ನೂ ಕೆಲವರಿಗೂ ಗೊತ್ತಿರಬಹುದು. ಆದ್ದರಿಂದ ಕಮಲಾ ಅವರು ಆ ಒಂದು ವರ್ಷವನ್ನು ಏನು ಮಾಡಿದರು ಎಂಬುದು ನನಗೆ ಬಹಳ ಮುಖ್ಯವಾಯಿತು.

ಅವರು ಕೆಲಸ ಮಾಡಿದರು. ಅವರ ಮಾರ್ಗದರ್ಶಕರು ಎಂ. ಶ್ರೀನಿವಾಸಯ್ಯ. ತುಂಬಾ ಕಟ್ಟುನಿಟ್ಟಿನ ಗುರು, ಆದರೆ ಕಲಿಯುವವರಿಗೆ ಧಾರಾಳವಾಗಿ ಕಲಿಸುವವರು. ಅವರ ಕೈಕೆಳಗೆ ಕಮಲಾ ಅವರು ಹಾಲು, ಬೇಳೆ, ಕಾಳುಗಳಲ್ಲಿರುವ ಪ್ರೋಟೀನ್‌ಗಳನ್ನು ಬೇರ್ಪಡಿಸಿ ಪರೀಕ್ಷಿಸುವ ಕೆಲಸ ಹಿಡಿದರು. ನಮ್ಮಂಥ ದೇಶಕ್ಕೆ ಇದು ಸಣ್ಣ ವಿಷಯವಲ್ಲ. ಮಾಂಸ, ಮೊಟ್ಟೆ ಕೊಳ್ಳಲು ಆಗದ ಮನೆಗಳಲ್ಲಿ ಮೈಗೆ ಪ್ರೋಟೀನ್ ಸಿಗುವುದು ಬೇಳೆಯಿಂದ. ಯಾವ ಬೇಳೆಯಲ್ಲಿ ಯಾವ ಪ್ರೋಟೀನ್ ಎಷ್ಟಿದೆ ಎಂದು ತಿಳಿಯುವುದು ಬಡವರ ತಟ್ಟೆಯ ಲೆಕ್ಕ.

ಒಂದು ವರ್ಷ ಕಳೆದಾಗ ರಾಮನ್ ಅವರಿಗೆ ತೃಪ್ತಿಯಾಯಿತು. ಕಮಲಾ ಅವರ ಪ್ರೊಬೇಷನ್ ಮುಗಿಯಿತು. ಅದಕ್ಕಿಂತ ದೊಡ್ಡ ಸಂಗತಿ ಎಂದರೆ, ಆಮೇಲೆ ಆ ಸಂಸ್ಥೆಯ ಬಾಗಿಲು ಬೇರೆ ಹೆಣ್ಣುಮಕ್ಕಳಿಗೂ ತೆರೆಯಿತು. ಮುಂದೆ ಹವಾಮಾನ ಉಪಕರಣಗಳಿಗೆ ಹೆಸರಾದ ಅಣ್ಣಾ ಮಾಣಿ ಅವರು 1940ರಲ್ಲಿ ಇದೇ ಸಂಸ್ಥೆಯಲ್ಲಿ, ರಾಮನ್ ಅವರದೇ ಪ್ರಯೋಗಾಲಯಕ್ಕೆ ಸೇರಿದರು. ಕಮಲಾ ಅವರು 1936ರಲ್ಲಿ ತಮ್ಮ ಸಂಶೋಧನೆಗೆ ಬಾಂಬೆ ವಿಶ್ವವಿದ್ಯಾಲಯದಿಂದ ಎಂ.ಎಸ್‌ಸಿ. ಪದವಿಯನ್ನು ಉನ್ನತ ದರ್ಜೆಯಲ್ಲಿ ಪಡೆದರು.

ಮರುವರ್ಷ, 1937ರಲ್ಲಿ, ಅವರು ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಸೇರಿದ್ದು ಹೆಣ್ಣುಮಕ್ಕಳ ನ್ಯೂನ್‌ಹ್ಯಾಮ್ ಕಾಲೇಜು. ಮೊದಲು ಡೆರೆಕ್ ರಿಕ್ಟರ್, ನಂತರ ರಾಬಿನ್ ಹಿಲ್ ಎಂಬ ವಿಜ್ಞಾನಿಗಳ ಜೊತೆ ಕೆಲಸ ಮಾಡಿದರು. ಜೀವಸತ್ವಗಳ ಸಂಶೋಧನೆಗೆ ನೊಬೆಲ್ ಪಡೆದ ಫ್ರೆಡರಿಕ್ ಗೌಲ್ಯಾಂಡ್ ಹಾಪ್ಕಿನ್ಸ್ ಆಗ ಅಲ್ಲಿನ ಜೀವರಸಾಯನ ವಿಭಾಗದ ಹಿರಿಯರು.

ಕೇಂಬ್ರಿಡ್ಜ್‌ನಲ್ಲಿ ಅವರ ಕೈಗೆ ಬಂದದ್ದು ಆಲೂಗಡ್ಡೆ. ಅದರಿಂದ ಅವರು ಕಂಡುಕೊಂಡದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ, ತಪ್ಪಿದ್ದರೆ ಪಿಸಿಎಂಬಿ ಗೆಳತಿಯರು ತಿದ್ದಬೇಕು. ತಿಂದ ಆಹಾರ ಶಕ್ತಿಯಾಗುವಾಗ ಜೀವಕೋಶದ ಒಳಗೆ ಎಲೆಕ್ಟ್ರಾನ್‌ಗಳು ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ಕೈಬದಲಾಗುತ್ತಾ ಹೋಗಿ ಕೊನೆಗೆ ಆಮ್ಲಜನಕವನ್ನು ಸೇರುತ್ತವೆ. ಬ್ಯಾಂಕಿನಲ್ಲಿ ಒಂದು ಕೌಂಟರಿನ ನಗದನ್ನು ಮುಂದಿನ ಕೌಂಟರಿಗೆ ದಾಟಿಸುವ ಗುಮಾಸ್ತನ ಹಾಗೆ, ನಡುವೆ ನಿಂತು ಎಲೆಕ್ಟ್ರಾನ್ ದಾಟಿಸುವ ಪ್ರೋಟೀನಿನ ಹೆಸರು ಸೈಟೋಕ್ರೋಮ್ ಸಿ. ಅದು ಸಸ್ಯಗಳ ಜೀವಕೋಶಗಳಲ್ಲೂ ಇದ್ದು ಇದೇ ಕೆಲಸ ಮಾಡುತ್ತದೆ ಎಂದು ಕಮಲಾ ಅವರು ತೋರಿಸಿದರು. ಅಂದರೆ ಉಸಿರಾಟದ ಒಳಗಿನ ಲೆಕ್ಕ ಮನುಷ್ಯನಿಗೂ ಆಲೂಗಡ್ಡೆಗೂ ಒಂದೇ ಬಗೆಯದು.

ಇದನ್ನು ಅವರು ಬರೆದದ್ದು 40 ಪುಟಗಳಲ್ಲಿ. ಕೇಂಬ್ರಿಡ್ಜ್‌ಗೆ ಹೋದ ಮೇಲೆ 14 ತಿಂಗಳಲ್ಲಿ ಆ ಮಹಾಪ್ರಬಂಧ ಮುಗಿದಿತ್ತು. 1939ರಲ್ಲಿ ಅವರಿಗೆ ಪಿಎಚ್.ಡಿ. ಬಂತು. ವಿಜ್ಞಾನ ವಿಷಯದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ಗುರುತಿಸುತ್ತಾರೆ. ಪ್ರಾಜೆಕ್ಟ್‌ಗೆ ಪುಟ ತುಂಬಿಸಲು ಅಕ್ಷರ ದೊಡ್ಡದು ಮಾಡುವ ನಮಗೆಲ್ಲ ಆ 40 ಪುಟ ಒಂದು ಪಾಠ.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಷರತ್ತು ನಮ್ಮ ದೇಶದಲ್ಲಿ ಮಾತ್ರ ಇತ್ತು ಎಂದು ನಾನು ತಿಳಿದಿದ್ದೆ. ಹಾಗಿರಲಿಲ್ಲ. ಅಷ್ಟು ದೊಡ್ಡ ಕೇಂಬ್ರಿಡ್ಜ್ ಕೂಡ ಗಂಡಸರಿಗೆ ಸಮನಾದ ಪೂರ್ಣ ಪದವಿಯ ಹಕ್ಕನ್ನು ಮಹಿಳೆಯರಿಗೆ ಕೊಟ್ಟದ್ದು 1948ರಲ್ಲಿ. ಕಮಲಾ ಅವರು ನ್ಯೂನ್‌ಹ್ಯಾಮ್‌ನಲ್ಲಿ ಇದ್ದಾಗಲೇ, 1938ರಲ್ಲಿ, ಅದೇ ಕಾಲೇಜಿಗೆ ರೋಸಲಿಂಡ್ ಫ್ರಾಂಕ್ಲಿನ್ ಎಂಬ ಹುಡುಗಿ ಸೇರಿದಳು. ನಮ್ಮ ವಿಜ್ಞಾನ ವಿಭಾಗದವರಿಗೆ ಈ ಹೆಸರು ಚೆನ್ನಾಗಿ ಗೊತ್ತು. 1952ರಲ್ಲಿ ಲಂಡನ್ನಿನಲ್ಲಿ ಅವರ ಮಾರ್ಗದರ್ಶನದಲ್ಲಿ ತೆಗೆದ ಎಕ್ಸ್‌ರೇ ಚಿತ್ರ ಡಿಎನ್‌ಎಯ ತಿರುಚಿದ ಏಣಿಯಂಥ ರಚನೆಯನ್ನು ಕಂಡುಹಿಡಿಯಲು ನೆರವಾಯಿತು. ಅದನ್ನು ಅವರಿಗೆ ತಿಳಿಸದೆ ಬೇರೆಯವರಿಗೆ ತೋರಿಸಲಾಗಿತ್ತು. 1958ರಲ್ಲಿ, 37ನೇ ವಯಸ್ಸಿಗೇ ಅವರು ತೀರಿಕೊಂಡರು. ಡಿಎನ್‌ಎ ರಚನೆಗೆ 1962ರಲ್ಲಿ ನೊಬೆಲ್ ಬಂದಾಗ ಅದು ಮೂವರು ಗಂಡಸರಿಗೆ ಸಂದಿತು.

ಡಿಎನ್‌ಎ ಎಂದರೆ ಯಾವ ಪ್ರೋಟೀನನ್ನು ಹೇಗೆ ಕಟ್ಟಬೇಕು ಎಂದು ಬರೆದಿಟ್ಟ ಮೂಲ ಪುಸ್ತಕ. ಹಾಗಾಗಿ ಕಮಲಾ ಅವರು ಆಲೂಗಡ್ಡೆಯಲ್ಲಿ ಕಂಡ ಸೈಟೋಕ್ರೋಮ್ ಸಿ ಕೂಡ ಡಿಎನ್‌ಎಯ ಕತೆಗೆ ಬಂದು ಸೇರುತ್ತದೆ. 1960ರ ದಶಕದಲ್ಲಿ ವಿಜ್ಞಾನಿಗಳು ಬೇರೆ ಬೇರೆ ಜೀವಿಗಳ ಸೈಟೋಕ್ರೋಮ್ ಸಿ ತೆಗೆದುಕೊಂಡು, ಅದರಲ್ಲಿನ ಅಮೈನೋ ಆಮ್ಲಗಳ ಸಾಲನ್ನು ಹೋಲಿಸಿ, ಯಾವ ಜೀವಿಗೆ ಯಾವುದು ಹತ್ತಿರದ ಬಂಧು ಎಂದು ಲೆಕ್ಕ ಹಾಕಿದರು. ಮನುಷ್ಯನಲ್ಲಿ ಆ ಸಾಲಿನ ಉದ್ದ 104. ಚಿಂಪಾಂಜಿಯಲ್ಲೂ ಅದೇ ಸಾಲು, ಒಂದೂ ವ್ಯತ್ಯಾಸವಿಲ್ಲ.

ಇಂಗ್ಲೆಂಡಿನಲ್ಲೇ ಉಳಿಯದೆ ಕಮಲಾ ಅವರು 1939ರಲ್ಲಿ ಭಾರತಕ್ಕೆ ಮರಳಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥರಾದರು. ಆಮೇಲೆ ನೀಲಗಿರಿಯ ಕೂನೂರಿನ ಪೌಷ್ಟಿಕಾಂಶ ಸಂಶೋಧನಾಲಯದಲ್ಲಿ ಸಹಾಯಕ ನಿರ್ದೇಶಕರಾಗಿ ಜೀವಸತ್ವಗಳ ಬಗ್ಗೆ ಕೆಲಸ ಮಾಡಿದರು. ಆ ಸಂಶೋಧನಾಲಯವೇ ಈಗ ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ. 1947ರಲ್ಲಿ ಎಂ.ವಿ. ಸೊಹೋನಿ ಅವರನ್ನು ಮದುವೆಯಾಗಿ ಮುಂಬೈಗೆ ಹೋದರು. ಅವರು ವೃತ್ತಿಯಿಂದ ಆಕ್ಚುಯರಿ, ಅಂದರೆ ವಿಮೆಯ ಅಪಾಯವನ್ನು ಲೆಕ್ಕ ಹಾಕುವವರು. ವಿಜ್ಞಾನಿಯ ಮನೆಯಲ್ಲೂ ಒಬ್ಬ ನಮ್ಮ ಕಡೆಯವರು ಇದ್ದರು ಎಂದು ಕಾಮರ್ಸ್‌ನವರು ಖುಷಿಪಡಬಹುದು!

ಮುಂಬೈಯ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಜೀವರಸಾಯನ ಕಲಿಸುತ್ತಾ ಅವರು ಮತ್ತೆ ಬೇಳೆಕಾಳಿಗೆ ಬಂದರು. ಬೆಂಗಳೂರಿನವರಿಗೆ ಸಂತೋಷ ಕೊಡುವ ಒಂದು ಕೆಲಸ ಇದರಲ್ಲಿದೆ. ಕೆಲವು ಕಾಳುಗಳಲ್ಲಿ ನಮ್ಮ ಹೊಟ್ಟೆಯ ಟ್ರಿಪ್ಸಿನ್ ಎಂಬ ಜೀರ್ಣಕಾರಿ ಕಿಣ್ವವನ್ನು ತಡೆಯುವ ಪದಾರ್ಥ ಇರುತ್ತದೆ. ಟ್ರಿಪ್ಸಿನ್ ತಡೆದರೆ ತಿಂದ ಪ್ರೋಟೀನ್ ಸರಿಯಾಗಿ ಜೀರ್ಣವಾಗುವುದಿಲ್ಲ. ಆ ತಡೆಯುವ ಪದಾರ್ಥವನ್ನು ಕಮಲಾ ಮತ್ತು ಅವರ ಸಹ ಸಂಶೋಧಕರು ಹರಳಿನ ರೂಪದಲ್ಲಿ ಬೇರ್ಪಡಿಸಿ 1955ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೇರ್ಪಡಿಸಿದ್ದು ಯಾವ ಕಾಳಿನಿಂದ ಗೊತ್ತೇ? ಡಬಲ್ ಬೀನ್ಸ್ ಮತ್ತು ನಮ್ಮ ಅವರೆಕಾಳಿನಿಂದ! ಚಳಿಗಾಲ ಬಂದರೆ ವಿ.ವಿ. ಪುರಂ ಕಡೆ ಅವರೆಬೇಳೆ ಮೇಳಕ್ಕೆ ಸಾಲು ನಿಲ್ಲುವ ಊರು ನಮ್ಮದು. ಕಾಳು ಬೆಂದಾಗ ಬಿಸಿಗೆ ಈ ಪದಾರ್ಥದ ಬಲ ಬಹುಮಟ್ಟಿಗೆ ಹೋಗುತ್ತದೆ. ಅವರೆ ಚೆನ್ನಾಗಿ ಬೇಯಲಿ ಎಂದು ನಮ್ಮ ದಾದಿ ಅಡುಗೆಮನೆಗೆ ಬಂದು ಹೇಳುವುದು ಬರೀ ಹಠವಲ್ಲ ಎಂದು ಈಗ ತಿಳಿಯಿತು.

ಆಗಿನ ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದ್ ಅವರ ಸೂಚನೆಯಂತೆ ಅವರು ನೀರಾ ಬಗ್ಗೆಯೂ ಸಂಶೋಧನೆ ಮಾಡಿದರು. ನೀರಾ ಎಂದರೆ ತಾಳೆಯ ಜಾತಿಯ ಮರಗಳಿಂದ ಇಳಿಸುವ ಸಿಹಿ ರಸ. ಹುಳಿಯಲು ಬಿಡದಿದ್ದರೆ ಅದರಲ್ಲಿ ಅಮಲು ಇಲ್ಲ. ಅದರಲ್ಲಿ ಎ ಮತ್ತು ಸಿ ಜೀವಸತ್ವ, ಕಬ್ಬಿಣದ ಅಂಶ ಚೆನ್ನಾಗಿವೆ, ಕಾಯಿಸಿ ಬೆಲ್ಲ ಮಾಡಿದರೂ ಉಳಿಯುತ್ತವೆ ಎಂದು ಅವರು ತೋರಿಸಿದರು. ಬುಡಕಟ್ಟಿನ ಅಪೌಷ್ಟಿಕ ಮಕ್ಕಳಿಗೆ, ಗರ್ಭಿಣಿಯರಿಗೆ ಇದು ಕಡಿಮೆ ಖರ್ಚಿನ ಆಹಾರವಾಗಬಲ್ಲದು ಎಂಬುದು ಆ ಕೆಲಸದ ಸಾರ. ಇದಕ್ಕೆ ಅವರಿಗೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಮುಂಬೈಯ ಆರೇ ಹಾಲಿನ ಯೋಜನೆಗೆ ಗುಣಮಟ್ಟದ ಬಗ್ಗೆ ಸಲಹೆಗಾರರಾಗಿಯೂ ಇದ್ದರು.

ಇಷ್ಟೆಲ್ಲ ಆದ ಮೇಲೂ ಷರತ್ತುಗಳ ಕಾಲ ಮುಗಿದಿರಲಿಲ್ಲ. ಅವರು ಕೆಲಸ ಮಾಡುತ್ತಿದ್ದ ಸಂಸ್ಥೆಯ ನಿರ್ದೇಶಕ ಹುದ್ದೆ ಅವರಿಗೆ ಸಿಗಬೇಕಾಗಿತ್ತು. ಒಳಗಿನ ರಾಜಕೀಯದಿಂದ ಅದು ಸುಮಾರು ನಾಲ್ಕು ವರ್ಷ ತಡವಾಗಿ ಬಂತು. ಆದರೂ ಬಂದಾಗ ಅವರು ಅದನ್ನು ಪೂರ್ಣವಾಗಿ ನಡೆಸಿ 1969ರಲ್ಲಿ ನಿವೃತ್ತರಾದರು.

ನಿವೃತ್ತಿಯ ನಂತರ ಅವರು ಮನೆಯಲ್ಲಿ ಕೂರಲಿಲ್ಲ. ನನ್ನ ಪ್ರಾಜೆಕ್ಟ್‌ನಲ್ಲಿ ಸಿಕ್ಕ ಗ್ರಾಹಕ ಸಂಸ್ಥೆಗೆ ಬಂದದ್ದು ಹೀಗೆ. ಆಹಾರದಲ್ಲಿ ಏನು ಬೆರೆತಿದೆ, ಯಾವುದು ಸುರಕ್ಷಿತ ಎಂದು ಪ್ರಯೋಗಾಲಯದಲ್ಲಿ ತಿಳಿದವರು ಅದನ್ನು ಸಾಮಾನ್ಯ ಗ್ರಾಹಕರಿಗೆ ತಿಳಿಯುವ ಮಾತಿನಲ್ಲಿ ಬರೆದರು. ನಾವು ಪರೀಕ್ಷೆಗೆ ಓದುವ ಗ್ರಾಹಕ ಸಂರಕ್ಷಣಾ ಕಾಯ್ದೆ ಮೊದಲು ಬಂದದ್ದು 1986ರಲ್ಲಿ. ಅದಕ್ಕೂ ಮೊದಲೇ ಅವರು ಈ ಕೆಲಸದಲ್ಲಿದ್ದರು. ಆ ಸಂಸ್ಥೆಯ ಪತ್ರಿಕೆಯ ಹೆಸರು ಕೀಮತ್. ಈ ಪದ ಓದಿದಾಗ ನನಗೆ ನಗು ಬಂತು. ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು ಅದು. ಉರ್ದುವಿನಲ್ಲಿ ಕೀಮತ್ ಎಂದರೆ ಬೆಲೆ. ಅಂಗಡಿಯಲ್ಲಿ ಕೊಡುವ ಬೆಲೆಯೂ ಹೌದು, ಒಬ್ಬ ಮನುಷ್ಯನಿಗೆ ಇರುವ ಬೆಲೆಯೂ ಹೌದು.

ಕಮಲಾ ಅವರು ತೀರಿಕೊಂಡದ್ದು 1998ರಲ್ಲಿ. ದೆಹಲಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಏರ್ಪಡಿಸಿದ್ದ ಅವರ ಸನ್ಮಾನದ ಸಮಾರಂಭದಲ್ಲೇ ಕುಸಿದರು, ಮತ್ತೆ ಚೇತರಿಸಿಕೊಳ್ಳಲಿಲ್ಲ.

ಕೊನೆಯ ವರ್ಷಗಳಲ್ಲಿ ಅವರು ರಾಮನ್ ಅವರ ಬಗ್ಗೆ ಮಾತನಾಡಿದ್ದಾರೆ. ರಾಮನ್ ದೊಡ್ಡ ವಿಜ್ಞಾನಿ ಎಂಬುದನ್ನು ಅವರು ಯಾವತ್ತೂ ಅಲ್ಲಗಳೆಯಲಿಲ್ಲ. ಆದರೆ ಅಂದು ತಮ್ಮನ್ನು ನಡೆಸಿಕೊಂಡ ರೀತಿ ಅವಮಾನವೇ ಆಗಿತ್ತು, ಅದನ್ನು ಮರೆಯಲಾಗಿಲ್ಲ ಎಂದೂ ಸ್ಪಷ್ಟವಾಗಿ ಹೇಳಿದರು. ಅರವತ್ತಕ್ಕೂ ಹೆಚ್ಚು ವರ್ಷಗಳ ನಂತರ! ನನಗೆ ಅವರ ಇಡೀ ಬದುಕಿನಲ್ಲಿ ಹೆಚ್ಚು ಹಿಡಿಸಿದ್ದು ಇದು. ಷರತ್ತನ್ನು ಒಪ್ಪಿಕೊಂಡರು, ಅದರೊಳಗೇ ಗೆದ್ದರು, ಆದರೆ ಗೆದ್ದ ಮೇಲೆ ಆ ಷರತ್ತು ನ್ಯಾಯವಾಗಿತ್ತು ಎಂದು ಹೇಳಲಿಲ್ಲ. ಒಪ್ಪಿಕೊಳ್ಳುವುದು ಬೇರೆ, ನ್ಯಾಯ ಎನ್ನುವುದು ಬೇರೆ. ಗೆದ್ದವರನ್ನು ತೋರಿಸಿ, ನೋಡಿ ಷರತ್ತು ಹಾಕಿದ್ದರಿಂದಲೇ ಅವರು ಗೆದ್ದರು ಎಂದು ಹೇಳುವವರು ಇರುತ್ತಾರೆ. ಕಮಲಾ ಅವರು ಹಾಗೆ ಹೇಳಲು ಯಾರಿಗೂ ಅವಕಾಶ ಕೊಡಲಿಲ್ಲ.

ವಿಜ್ಞಾನ ದಿನದಂದು ರಾಮನ್ ಅವರ ಭಾವಚಿತ್ರಕ್ಕೆ ನಾನೂ ಗೌರವ ಕೊಡುತ್ತೇನೆ. ಪಕ್ಕದಲ್ಲಿ ಕಮಲಾ ಸೊಹೋನಿ ಅವರ ಒಂದು ಚಿತ್ರವನ್ನೂ ಇಡಬಹುದೇ ಎಂದು ನಮ್ಮ ಪ್ರಾಂಶುಪಾಲರಲ್ಲಿ ವಿನಂತಿಸುತ್ತೇನೆ.

ಇನ್ನು ನನ್ನ ವಿಷಯ. ಪ್ರಥಮ ಪಿಯುಸಿಯಲ್ಲಿ ಮಾರ್ಕ್ಸ್ ಬಂತು, ಆದರೆ ಮುಂದಿನ ಮಾತು ಇನ್ನೂ ಬಂದಿಲ್ಲ. ನನಗೆ ಬಿ.ಕಾಂ. ಜೊತೆ ಸಿಎ ಓದುವ ಆಸೆ. ಕಮಲಾ ಅವರ ಪ್ರೊಬೇಷನ್‌ಗೆ ಒಂದು ವರ್ಷ ಎಂಬ ಗಡುವಾದರೂ ಇತ್ತು. ನನ್ನದಕ್ಕೆ ಗಡುವಿಲ್ಲ. ಅಬ್ಬಾ ಕನ್ನಡ ಚೆನ್ನಾಗಿ ಮಾತನಾಡುತ್ತಾರೆ, ಓದಲು ಬರುವುದಿಲ್ಲ. ಈ ವಾರ್ತಾಪತ್ರ ಕೈಗೆ ಬಂದ ದಿನ ರಾತ್ರಿ ಊಟ ಆದ ಮೇಲೆ ಅವರ ಪಕ್ಕ ಕುಳಿತು ಇದನ್ನು ಪೂರ್ತಿ ಓದಿ ಹೇಳುತ್ತೇನೆ, ಈ ಕೊನೆಯ ಭಾಗವನ್ನೂ ಬಿಡದೆ. ಆಮೇಲೆ ಗಡುವು ಕೇಳುತ್ತೇನೆ.